ಹೊರಗೆ ಮೂತ್ರ ಮಾಡದ ಬೀಗಲ್ ಮರಿ ಮನೆಯೊಳಗೆ ಬಂದ ಕೂಡಲೇ ಮಾಡುವುದೇಕೆ?

ಪ್ರಶ್ನೆ: ನಮ್ಮ ಬೀಗಲ್ ಮರಿಗೆ ಈಗ ಮೂರು ತಿಂಗಳು. ಹೊರಗೆ ಅರ್ಧ ಗಂಟೆ ಸುತ್ತಾಡಿಸಿದರೂ ನೆಲ ಮೂಸುತ್ತಲೇ ಇರುತ್ತದೆ, ಮೂತ್ರ ಮಾಡುವುದಿಲ್ಲ. ಮನೆಗೆ ಬಂದು ಎರಡು ನಿಮಿಷವಾಗುವಷ್ಟರಲ್ಲಿ ನೆಲಹಾಸಿನ ಮೇಲೆ ಮಾಡಿಬಿಡುತ್ತದೆ. ಗದರಿಸಿ ನೋಡಿದ್ದೇವೆ, ಪ್ರಯೋಜನವಾಗಿಲ್ಲ. ಇದು ಈ ತಳಿಯ ಹಠವೇ? ತಿದ್ದುವುದು ಹೇಗೆ?

ಉತ್ತರ: ಇದು ಹಠವಲ್ಲ. ಹೊರಗಿರುವಷ್ಟು ಹೊತ್ತು ಮರಿಯ ಗಮನವೆಲ್ಲ ಮೂಗಿನಲ್ಲೇ ಇರುತ್ತದೆ, ಮೂತ್ರಕೋಶ ತುಂಬಿದ್ದರೂ ಅದರ ಅರಿವು ಹಿಂದೆ ಸರಿದಿರುತ್ತದೆ. ಬೀಗಲ್ ಇಂಗ್ಲೆಂಡಿನಲ್ಲಿ ಮೊಲದ ಜಾಡು ಹಿಡಿದು ಗುಂಪಿನಲ್ಲಿ ಓಡಲೆಂದೇ ತಲೆಮಾರುಗಳ ಕಾಲ ಆಯ್ದು ಬೆಳೆಸಿದ ತಳಿ. ಇದರ ಮೂಗಿನಲ್ಲಿ ಸುಮಾರು 22 ಕೋಟಿ ವಾಸನಾ ಗ್ರಾಹಕಗಳಿವೆ ಎಂಬುದು ಸಾಮಾನ್ಯವಾಗಿ ಕೊಡುವ ಅಂದಾಜು. ಮನುಷ್ಯನಿಗೆ ಇರುವುದು ಸುಮಾರು 50 ಲಕ್ಷ. ಅಮೆರಿಕದ ಕೃಷಿ ಇಲಾಖೆಯು 1984ರಲ್ಲಿ ಲಾಸ್ ಏಂಜಲೀಸ್ ವಿಮಾನ ನಿಲ್ದಾಣದಲ್ಲಿ ಪ್ರಯಾಣಿಕರ ಸಾಮಾನಿನೊಳಗಿನ ಹಣ್ಣು, ಮಾಂಸಗಳನ್ನು ಪತ್ತೆ ಮಾಡುವ ಕೆಲಸಕ್ಕೆ ಈ ತಳಿಯನ್ನೇ ಆರಿಸಿಕೊಂಡಿತು. ಕಲಿಸಿದರೆ ಕಲಿಯದ ನಾಯಿಯನ್ನು ಅಂಥ ಕೆಲಸಕ್ಕೆ ಯಾರೂ ಆರಿಸುವುದಿಲ್ಲ. ಆದ್ದರಿಂದ ಬೀಗಲ್‌ಗೆ ಅಂಟಿಕೊಂಡಿರುವ ಮೊಂಡುತನದ ಹೆಸರನ್ನು ಮೊದಲು ಮನಸ್ಸಿನಿಂದ ತೆಗೆದುಹಾಕಬೇಕು.

ಮನೆಯೊಳಗೆ ಬಂದಾಗ ಹೊಸ ವಾಸನೆಗಳ ನೂಕುನುಗ್ಗಲು ನಿಂತು ಮರಿಯ ಮೈ ಸಡಿಲಗೊಳ್ಳುತ್ತದೆ, ಆಗ ತುಂಬಿದ ಮೂತ್ರಕೋಶದ ಒತ್ತಡ ಥಟ್ಟನೆ ಗೊತ್ತಾಗುತ್ತದೆ. ಕಾಲಡಿಯಲ್ಲಿ ತೇವ ಹೀರುವ ಮೆತ್ತನೆಯ ನೆಲಹಾಸಿದ್ದು, ಅಲ್ಲಿ ಹಿಂದಿನ ಸಲದ ವಾಸನೆಯೂ ಉಳಿದಿದ್ದರೆ ಮರಿ ಬೇರೆ ಜಾಗವನ್ನು ಹುಡುಕುವುದಿಲ್ಲ. ಇದರ ಜೊತೆಗೆ, ಮೂತ್ರ ಮಾಡಿದ ಕೂಡಲೇ ಮರಿಯನ್ನು ಒಳಗೆ ಕರೆದುಕೊಂಡು ಬರುವ ರೂಢಿ ಹಲವು ಮನೆಗಳಲ್ಲಿದೆ. ಮೂತ್ರ ಮಾಡಿದರೆ ಸುತ್ತಾಟ ಮುಗಿಯಿತು ಎಂಬ ಲೆಕ್ಕವನ್ನು ಬೀಗಲ್ ಮರಿ ಬಹಳ ಬೇಗ ಕಲಿಯುತ್ತದೆ, ಕಲಿತ ಮೇಲೆ ಆದಷ್ಟು ತಡೆದುಕೊಳ್ಳಲು ನೋಡುತ್ತದೆ.

ಹಾಗಾಗಿ ಬದಲಾಯಿಸಬೇಕಾದದ್ದು ಕ್ರಮವನ್ನು: ಮೊದಲು ಮೂತ್ರ, ಆಮೇಲೆ ಮೂಸುವ ಸುತ್ತಾಟ. ಮರಿಗೆ ಹಗ್ಗ ಹಾಕಿ, ಪ್ರತಿ ಸಲವೂ ಒಂದೇ ಬಾಗಿಲಿನಿಂದ ಒಂದೇ ಜಾಗಕ್ಕೆ ಕರೆದೊಯ್ದು, ನೀವು ಅಲ್ಲಿ ಮರದಂತೆ ನಿಂತುಬಿಡಿ. ಆಟವಾಡಿಸಬೇಡಿ, ಮಾತನಾಡಿಸಬೇಡಿ, ಹಗ್ಗ ತಲುಪುವಷ್ಟು ದೂರ ಮಾತ್ರ ಅದು ಓಡಾಡಲಿ. ಆ ಚಿಕ್ಕ ವೃತ್ತದೊಳಗಿನ ವಾಸನೆಗಳು ಕೆಲವೇ ನಿಮಿಷಗಳಲ್ಲಿ ಹಳತಾಗುತ್ತವೆ, ಮರಿಗೆ ತನ್ನ ಮೈಯ ಕಡೆ ಗಮನ ಬರುತ್ತದೆ. ಅದು ಕೂತು ಮೂತ್ರ ಮಾಡುತ್ತಿರುವಾಗ ಸುಮ್ಮನಿದ್ದು, ಪೂರ್ತಿ ಮುಗಿದ ಕ್ಷಣದಲ್ಲೇ ಮೆಚ್ಚುಗೆಯ ಮಾತಿನೊಂದಿಗೆ ಬೆರಳ ತುದಿಯಷ್ಟು ತಿಂಡಿ ಕೊಡಿ. ನಡುವೆಯೇ ಹೊಗಳಿದರೆ ತಿಂಡಿಯ ಆಸೆಗೆ ಅರ್ಧಕ್ಕೆ ಎದ್ದು ಬರುವ ಮರಿಗಳೇ ಹೆಚ್ಚು, ಉಳಿದರ್ಧ ಮನೆಯೊಳಗೆ ಬೀಳುತ್ತದೆ. ಆಮೇಲೆ ಹಗ್ಗ ಸಡಿಲಿಸಿ, ಅದು ಎಳೆದ ಕಡೆ ಹತ್ತು ನಿಮಿಷ ಮೂಸಲು ಬಿಡಿ. ಬೀಗಲ್‌ಗೆ ಇದಕ್ಕಿಂತ ದೊಡ್ಡ ಬಹುಮಾನ ಇಲ್ಲ ಎಂಬುದು ನನ್ನ ದೃಢವಾದ ಅಭಿಪ್ರಾಯ. ತಿಂಡಿಗಿಂತಲೂ ಹೆಚ್ಚಾಗಿ ಈ ಬಿಡುವೇ ಅಭ್ಯಾಸವನ್ನು ಗಟ್ಟಿ ಮಾಡುತ್ತದೆ.

ಹತ್ತು ನಿಮಿಷ ನಿಂತರೂ ಏನೂ ಆಗದಿದ್ದರೆ ಒಳಗೆ ಬನ್ನಿ, ಆದರೆ ಮರಿಯನ್ನು ಮನೆಯಲ್ಲಿ ಸ್ವತಂತ್ರವಾಗಿ ಬಿಡಬೇಡಿ. ನಿಮ್ಮ ಮನೆಯಲ್ಲಿ ತಪ್ಪುತ್ತಿರುವುದು ಈ ಹಂತದಲ್ಲೇ ಎಂದು ನನಗನ್ನಿಸುತ್ತದೆ. ಅದನ್ನು ತೊಡೆಯ ಮೇಲೋ, ಕ್ರೇಟ್‌ನಲ್ಲೋ (ನಾಯಿ ಮಲಗಲು ಬಳಸುವ ಬಾಗಿಲಿರುವ ಗೂಡು), ಹಗ್ಗ ಹಿಡಿದು ನಿಮ್ಮ ಪಕ್ಕದಲ್ಲೋ ಇಟ್ಟುಕೊಂಡು ಕಾಲು ಗಂಟೆಯೊಳಗೆ ಮತ್ತೆ ಅದೇ ಜಾಗಕ್ಕೆ ಕರೆದೊಯ್ಯಿರಿ. ಹೊರಗೆ ಮಾಡಿದ ಮೇಲಷ್ಟೇ ಒಳಗೆ ಓಡಾಡುವ ಸ್ವಾತಂತ್ರ್ಯ, ಅದೂ ಕಣ್ಣೆದುರಿನ ಒಂದು ಕೋಣೆಯಲ್ಲಿ ಮಾತ್ರ.

ಮರಿಯ ವಯಸ್ಸು ಎಷ್ಟು ತಿಂಗಳೋ ಸುಮಾರು ಅಷ್ಟು ಗಂಟೆ ಅದು ತಡೆದುಕೊಳ್ಳಬಲ್ಲದು ಎಂಬ ಸೂತ್ರವೊಂದು ಬಳಕೆಯಲ್ಲಿದೆ. ಅದು ಮಲಗಿರುವ ಮರಿಗೆ ಹೊಂದುವ ಮಾತು. ಎಚ್ಚರವಾಗಿ ಆಡುತ್ತಿರುವ ಮೂರು ತಿಂಗಳ ಮರಿಗೆ ಮುಕ್ಕಾಲು ಗಂಟೆಯಿಂದ ಒಂದು ಗಂಟೆಯೇ ಹೆಚ್ಚು. ನಿದ್ದೆಯಿಂದ ಎದ್ದ ತಕ್ಷಣ, ಊಟವಾದ ಹದಿನೈದು–ಇಪ್ಪತ್ತು ನಿಮಿಷಕ್ಕೆ, ಜೋರು ಆಟದ ನಂತರ ಮತ್ತು ರಾತ್ರಿ ಮಲಗುವ ಮುನ್ನ ತಪ್ಪದೆ ಹೊರಗೆ ಒಯ್ಯಬೇಕು. ರಾತ್ರಿ ಒಮ್ಮೆ ಎದ್ದು ಕರೆದೊಯ್ಯುವುದೂ ಕೆಲವು ವಾರಗಳ ಮಟ್ಟಿಗೆ ಅನಿವಾರ್ಯ. ಊಟ ನಿಗದಿತ ಹೊತ್ತಿಗೆ ನಡೆದರೆ ಮಲವಿಸರ್ಜನೆಯ ಹೊತ್ತೂ ತಾನಾಗಿ ನಿಗದಿಯಾಗುತ್ತದೆ. ಹಗಲಿನಲ್ಲಿ ಕುಡಿಯುವ ನೀರನ್ನು ಮಾತ್ರ ಯಾವ ಕಾರಣಕ್ಕೂ ಕಡಿಮೆ ಮಾಡಬಾರದು.

ನೆಲ ಮೂಸತೊಡಗಿದರೆ ಹೊರಗೆ ಒಯ್ಯಿರಿ ಎಂದು ಎಲ್ಲ ತಳಿಗಳಿಗೂ ಹೇಳುವ ಸಲಹೆ ಬೀಗಲ್ ಸಾಕಿದವರಿಗೆ ಅಷ್ಟಾಗಿ ಉಪಯೋಗಕ್ಕೆ ಬರುವುದಿಲ್ಲ, ಏಕೆಂದರೆ ಇದು ಎಚ್ಚರವಿರುವಷ್ಟು ಹೊತ್ತೂ ಮೂಸುತ್ತಿರುತ್ತದೆ. ಆದರೆ ಮೂಸುವಿಕೆಯಲ್ಲಿ ಎರಡು ಬಗೆಯಿದೆ. ಜಾಡು ಹಿಡಿದಾಗ ಮರಿ ಮುಂದಕ್ಕೆ ಸಾಗುತ್ತಿರುತ್ತದೆ, ಬಿಳಿ ತುದಿಯ ಬಾಲ ನೆಟ್ಟಗೆ ಮೇಲೆದ್ದು ಅತ್ತಿತ್ತ ಆಡುತ್ತಿರುತ್ತದೆ. ಮೂತ್ರದ ಒತ್ತಡವಿದ್ದಾಗ ಆಟವನ್ನು ಅರ್ಧಕ್ಕೆ ಬಿಟ್ಟು, ಬಾಗಿಲ ಹಿಂದೆಯೋ ಸೋಫಾದ ಮೂಲೆಗೋ ಹೋಗಿ, ಒಂದೇ ಜಾಗವನ್ನು ಸುತ್ತಿ ಸುತ್ತಿ ಮೂಸುತ್ತದೆ, ಹಿಂಗಾಲು ತುಸು ಬಾಗುತ್ತದೆ. ಈ ವಯಸ್ಸಿನಲ್ಲಿ ಗಂಡು ಮರಿಯೂ ಕೂತೇ ಮಾಡುವುದರಿಂದ ಕಾಲೆತ್ತುವುದನ್ನು ನಿರೀಕ್ಷಿಸುತ್ತ ಕುಳಿತರೆ ತಡವಾಗುತ್ತದೆ.

ಗದರಿಸುವುದನ್ನು ದಯವಿಟ್ಟು ಇಂದೇ ನಿಲ್ಲಿಸಿ. ಮಾಡಿ ಮುಗಿಸಿದ ಮೇಲೆ ಬೈದರೆ ಮರಿ ಅದನ್ನು ಹಿಂದಿನ ಕೆಲಸಕ್ಕೆ ಜೋಡಿಸಿಕೊಳ್ಳಲಾರದು. ನಿಮ್ಮೆದುರು ಮೂತ್ರ ಮಾಡುವುದು ಅಪಾಯ ಎಂಬುದಷ್ಟೇ ಅದಕ್ಕೆ ಉಳಿಯುವ ಪಾಠ. ಆಮೇಲೆ ಅದು ಹೊರಗೆ ಹಗ್ಗದಲ್ಲಿದ್ದಾಗಲೂ ನಿಮ್ಮ ಮುಂದೆ ಮಾಡಲು ಹೆದರಿ, ಒಳಗೆ ಬಂದು ಮರೆಯಲ್ಲಿ ಮಾಡುತ್ತದೆ. ಮೂತಿಯನ್ನು ಮೂತ್ರಕ್ಕೆ ಉಜ್ಜುವ ಹಳೆಯ ಪದ್ಧತಿ ಕ್ರೌರ್ಯವೇ ಹೊರತು ಕಲಿಕೆಯಲ್ಲ. ಮಾಡುತ್ತಿರುವಾಗಲೇ ಕಣ್ಣಿಗೆ ಬಿದ್ದರೆ ಮೆಲ್ಲಗೆ ಚಪ್ಪಾಳೆ ತಟ್ಟಿ ಗಮನ ಸೆಳೆದು, ಎತ್ತಿಕೊಂಡು ಹೊರಗೆ ಒಯ್ದು, ಉಳಿದದ್ದನ್ನು ಅಲ್ಲಿ ಮುಗಿಸಿದಾಗ ಮೆಚ್ಚಿಕೊಳ್ಳಿ. ಒದ್ದೆಯಾದ ಜಾಗವನ್ನು ಕಿಣ್ವಯುಕ್ತ (ಎನ್‌ಜೈಮ್ ಇರುವ) ದ್ರಾವಣದಿಂದ ತೊಳೆಯಬೇಕು. ಅಮೋನಿಯಾ ಇರುವ ಕ್ಲೀನರ್ ಬೇಡ, ಅದರ ವಾಸನೆ ಮೂತ್ರದ ವಾಸನೆಗೆ ಹತ್ತಿರವಾದದ್ದು. ಅಭ್ಯಾಸ ಕೂಡುವವರೆಗೆ ನೆಲಹಾಸುಗಳನ್ನು ಸುತ್ತಿಟ್ಟರೆ ಇನ್ನೂ ಒಳ್ಳೆಯದು.

ಕ್ರೇಟ್ ಬಳಸುವುದಾದರೆ ಮರಿ ಅದರೊಳಗೆ ನಿಂತು, ತಿರುಗಿ, ಚಾಚಿ ಮಲಗುವಷ್ಟು ಜಾಗವಿದ್ದರೆ ಸಾಕು. ತೀರ ದೊಡ್ಡದಾದರೆ ಒಂದು ಮೂಲೆ ಶೌಚಕ್ಕೆ ಮೀಸಲಾಗುತ್ತದೆ. ಗುಂಪಿನಲ್ಲಿ ಬಾಳುವ ಈ ತಳಿಗೆ ಒಂಟಿತನ ಸಹಿಸದು. ಬಾಗಿಲು ಹಾಕಿ ದೂರ ಹೋದರೆ ಊಳಿಡುತ್ತದೆ, ಗಾಬರಿಯಲ್ಲಿ ಅಲ್ಲೇ ಮೂತ್ರವನ್ನೂ ಮಾಡಬಹುದು. ಊಟವನ್ನು ಕ್ರೇಟ್‌ನಲ್ಲೇ ಕೊಡುತ್ತ, ಬಾಗಿಲು ತೆರೆದಿಟ್ಟು ಆರಂಭಿಸಿ, ಕೆಲವೇ ನಿಮಿಷ ಮುಚ್ಚಿ ಪಕ್ಕದಲ್ಲೇ ಕುಳಿತು, ದಿನದಿಂದ ದಿನಕ್ಕೆ ಸಮಯ ಹೆಚ್ಚಿಸಿ.

ಲಸಿಕೆಗಳ ಸರಣಿ ಪೂರ್ಣಗೊಳ್ಳಲು ಸಾಮಾನ್ಯವಾಗಿ 16 ವಾರಗಳ ವಯಸ್ಸಾಗಬೇಕು. ಅಲ್ಲಿಯವರೆಗೆ ಬೇರೆ ನಾಯಿಗಳು ಓಡಾಡದ ಶುಚಿಯಾದ ಜಾಗವನ್ನೇ ಇದಕ್ಕೆ ಆರಿಸಿಕೊಳ್ಳಿ.

ನಾಲ್ಕರಿಂದ ಆರು ತಿಂಗಳ ವಯಸ್ಸಿಗೆ ಹೆಚ್ಚಿನ ಮರಿಗಳು ಹಿಡಿತ ಸಾಧಿಸುತ್ತವೆ, ಬೀಗಲ್‌ಗಳಲ್ಲಿ ಕೆಲವು ಇನ್ನಷ್ಟು ಕಾಲ ತೆಗೆದುಕೊಳ್ಳುತ್ತವೆ. ಇಷ್ಟೆಲ್ಲ ಪಾಲಿಸಿಯೂ ಮರಿ ಮತ್ತೆ ಮತ್ತೆ ಹನಿಹನಿಯಾಗಿ ಮಾಡುತ್ತಿದ್ದರೆ, ಮಾಡುವಾಗ ಕುಂಯ್‌ಗುಟ್ಟಿದರೆ, ಮೂತ್ರದಲ್ಲಿ ರಕ್ತ ಕಂಡರೆ ಅಥವಾ ವಿಪರೀತ ನೀರು ಕುಡಿಯುತ್ತಿದ್ದರೆ ಅದು ತರಬೇತಿಯ ವಿಷಯವಲ್ಲ. ಮೂತ್ರನಾಳದ ಸೋಂಕು ಇರಬಹುದಾದ್ದರಿಂದ ಪಶುವೈದ್ಯರಿಗೆ ತೋರಿಸಬೇಕು. ಯಾರಾದರೂ ಮನೆಗೆ ಬಂದಾಗ ಮೈ ಕುಗ್ಗಿಸಿ ಅಥವಾ ಸಂಭ್ರಮದಿಂದ ಜಿಗಿಯುತ್ತ ಎರಡು ಹನಿ ಬಿಡುವುದು ಇನ್ನೊಂದು ಬಗೆಯದು. ಅದಕ್ಕೆ ಮರಿಯ ಮೇಲೆ ಬಾಗದೆ, ಸದ್ದು ಮಾಡದೆ, ಪಕ್ಕದಲ್ಲಿ ಕುಳಿತು ಮಾತನಾಡಿಸಿದರೆ ಸಾಕು, ವಯಸ್ಸಾದಂತೆ ಹೆಚ್ಚಿನವುಗಳಲ್ಲಿ ತಾನೇ ಬಿಟ್ಟುಹೋಗುತ್ತದೆ.