ಪಿಕಪ್ ನಡುಗುವುದಕ್ಕೂ ಒಂದು ಲೆಕ್ಕ ಇದೆ

ಹಾಸನದಿಂದ ಬೇಲೂರಿನ ಕಡೆ ಖಾಲಿ ಪಿಕಪ್ ಹೊರಟಿದೆ. 60ರವರೆಗೆ ತಕರಾರಿಲ್ಲ. 75 ದಾಟಿದ ಕೂಡಲೇ ಸ್ಟೀರಿಂಗ್ ಗಡಗಡ ಅನ್ನುತ್ತೆ. ವೇಗ ಇನ್ನೂ ಏರಿಸಿದರೆ, ವಿಚಿತ್ರ, ನಡುಕ ಕಡಿಮೆ ಆಗುತ್ತೆ. ಯಾರನ್ನು ಕೇಳಿದರೂ ಒಂದೇ ಮಾತು: ‘ಅಲೈನ್‌ಮೆಂಟ್ ಮಾಡಿಸಿ ಸಾರ್’.

ನನಗೆ ಈ ಸಲಹೆ ಒಪ್ಪಿಗೆ ಇಲ್ಲ. ಅಲೈನ್‌ಮೆಂಟ್ ಅಂದರೆ ಚಕ್ರಗಳು ನಿಲ್ಲುವ ದಿಕ್ಕು, ಓರೆ. ಅಲೈನ್‌ಮೆಂಟ್ ಕೆಟ್ಟರೆ ಗಾಡಿ ಒಂದು ಪಕ್ಕಕ್ಕೆ ಎಳೆಯುತ್ತದೆ, ಟೈರಿನ ಒಂದು ಅಂಚು ಜಾಸ್ತಿ ಸವೆಯುತ್ತದೆ. ಅಷ್ಟಕ್ಕೇ ಸ್ಟೀರಿಂಗ್ ನಡುಗುವುದಿಲ್ಲ. ಹೀಗೆ ವೇಗ ನೋಡಿಕೊಂಡು ಬರುವ ನಡುಕದ ಹಿಂದೆ ಸುತ್ತುವ ಯಾವುದೋ ಭಾಗ ಇರುತ್ತದೆ. ಸುತ್ತುವ ಒಂದೊಂದು ಭಾಗದ ವೇಗವೂ ಬೇರೆ. ನಡುಕ ಸೆಕೆಂಡಿಗೆ ಎಷ್ಟು ಸಲ ಬರುತ್ತಿದೆ ಅಂತ ಗೊತ್ತಾದರೆ ಅರ್ಧ ಕೆಲಸ ಮುಗಿದಂತೆ.

ಲೆಕ್ಕ ಕಷ್ಟದ್ದೇನಲ್ಲ. 215/75 ಆರ್ 15 ಅಳತೆಯ ಟೈರ್ ಒಂದು ಸುತ್ತು ಉರುಳಿದರೆ ಗಾಡಿ ಸುಮಾರು 2.2 ಮೀಟರ್ ಮುಂದೆ ಹೋಗುತ್ತದೆ. ಗಂಟೆಗೆ 80 ಕಿ.ಮೀ. ಅಂದರೆ ಸೆಕೆಂಡಿಗೆ 22 ಮೀಟರ್. ಅಂದರೆ ಚಕ್ರ ಸೆಕೆಂಡಿಗೆ 10 ಸುತ್ತು. ಗೇರ್‌ಬಾಕ್ಸಿನಿಂದ ಹಿಂದಿನ ಚಕ್ರಗಳ ಕಡೆಗೆ ಶಕ್ತಿ ಒಯ್ಯುವ ಉದ್ದನೆಯ ಪ್ರೊಪೆಲ್ಲರ್ ಶಾಫ್ಟ್ ಅದರ ಸುಮಾರು ನಾಲ್ಕು ಪಟ್ಟು ತಿರುಗುತ್ತದೆ. ಹಾಗಾಗಿ ಚಕ್ರದ ದೋಷ ಕೈಗೆ ಕುಲುಕಾಟವಾಗಿ ಸಿಗುತ್ತದೆ, ಶಾಫ್ಟಿನ ದೋಷ ಕಾಲಡಿಯಲ್ಲಿ ಗುಂಯ್ ಅನ್ನುತ್ತದೆ. ಇದನ್ನು ಅಳೆಯಬೇಕಾ? ಜರ್ಮನಿಯ ಆಖೆನ್ ವಿಶ್ವವಿದ್ಯಾಲಯದವರ ‘ಫೈಫಾಕ್ಸ್’ ಅನ್ನುವ ಉಚಿತ ಆ್ಯಪ್ ಇದೆ. ಪಕ್ಕದಲ್ಲಿ ಕೂತವರು ಫೋನನ್ನು ಸೀಟಿನ ಮೇಲೆ ಅಲುಗದಂತೆ ಇಟ್ಟರೆ ಸಾಕು, ಸೆಕೆಂಡಿಗೆ ಎಷ್ಟು ಅಲುಗಾಟ ಅಂತ ಗೆರೆ ಎಳೆದು ತೋರಿಸುತ್ತದೆ. 80ರ ವೇಗದಲ್ಲಿ 10ರ ಹತ್ತಿರ ಗೆರೆ ಎದ್ದು ನಿಂತರೆ ಚಕ್ರದ ಮೇಲೆ ಅನುಮಾನ ಪಡಿ.

ಚಕ್ರದ ತೂಕ ಸುತ್ತಲೂ ಸಮನಾಗಿ ಇಲ್ಲದಿದ್ದರೆ ನಡುಕ ಬರುತ್ತದೆ. ನಮ್ಮ ಕಡೆ ಆ ಸಮತೂಕ ಕೆಡಿಸುವುದರಲ್ಲಿ ಮಣ್ಣೇ ಮುಂದೆ. ಮಳೆಗಾಲದಲ್ಲಿ ಮೂಡಿಗೆರೆಯ ಕಡೆ ಎಸ್ಟೇಟ್ ರಸ್ತೆಗೆ ಇಳಿದು ಬಂದ ಗಾಡಿಯ ರಿಮ್ಮಿನ ಒಳಗಡೆಗೆ ಕೈ ಹಾಕಿ ನೋಡಿ. ಹೊರಗಿನಿಂದ ತೊಳೆದು ಫಳಫಳ ಅನ್ನುತ್ತಿರುತ್ತದೆ, ಒಳಗೆ ಕೆಮ್ಮಣ್ಣು ಬೆರಳು ದಪ್ಪಕ್ಕೆ ಒಣಗಿ ಕೂತಿರುತ್ತದೆ. ಸ್ಕ್ರೂಡ್ರೈವರಿನಲ್ಲಿ ಕೆರೆದರೆ ಹೆಂಟೆ ಹೆಂಟೆಯಾಗಿ ಬೀಳುತ್ತದೆ. ಒಂದೇ ಕಡೆ 50 ಗ್ರಾಂ ಮಣ್ಣು ಅಂಟಿದ್ದರೂ 80ರ ವೇಗದಲ್ಲಿ ಅದು ಚಕ್ರವನ್ನು ಹೊರಕ್ಕೆ ಎಳೆಯುವ ಬಲ ಸುಮಾರು 4 ಕಿಲೋ ತೂಕದಷ್ಟು. ಅದೂ ಸೆಕೆಂಡಿಗೆ ಹತ್ತು ಸಲ ಮೇಲೆ, ಕೆಳಗೆ. 40ರ ವೇಗದಲ್ಲಿ ಅದೇ ಮಣ್ಣಿನ ಎಳೆತ 1 ಕಿಲೋ ಮಾತ್ರ. ವೇಗ ಎರಡು ಪಟ್ಟಾದರೆ ಬಲ ನಾಲ್ಕು ಪಟ್ಟು. ಊರೊಳಗೆ ಓಡಿಸುವಾಗ ಏನೂ ಗೊತ್ತಾಗದೇ ಇರುವುದು ಇದಕ್ಕೇ. ಬ್ಯಾಲೆನ್ಸಿಂಗಿಗೆ, ಅಂದರೆ ರಿಮ್ಮಿಗೆ ಸಣ್ಣ ತೂಕ ಸೇರಿಸಿ ಚಕ್ರದ ತೂಕ ಸರಿದೂಗಿಸುವುದಕ್ಕೆ, ದುಡ್ಡು ಕೊಡುವ ಮೊದಲು ಮಣ್ಣು ತೆಗೆಸಿ. ಮಣ್ಣಿನ ಸಮೇತ ಬ್ಯಾಲೆನ್ಸ್ ಮಾಡಿದರೆ, ಅದು ಉದುರಿದ ದಿನ ಮತ್ತೆ ಅದೇ ರಾಗ.

ಹಾಗಾದರೆ ವೇಗ ಏರಿಸಿದಾಗ ನಡುಕ ಕಡಿಮೆ ಆಗುವುದೇಕೆ? ಸ್ಪ್ರಿಂಗ್ ಮತ್ತು ಟೈರಿನ ನಡುವೆ ಚಕ್ರಕ್ಕೆ ತನ್ನದೇ ಆದ ಒಂದು ಕುಣಿತ ಇದೆ, ಸೆಕೆಂಡಿಗೆ 10ರಿಂದ 15 ಸಲ. ಉಯ್ಯಾಲೆಯನ್ನು ಅದರ ಲಯ ನೋಡಿ ತಳ್ಳಿದರೆ ಸಣ್ಣ ನೂಕಿಗೂ ಎತ್ತರಕ್ಕೆ ಹೋಗುತ್ತದೆ ಅಲ್ವಾ? ಮಣ್ಣಿನ ಎಳೆತದ ಲಯವೂ ಈ ಕುಣಿತದ ಲಯವೂ ಕೂಡಿದಾಗ ಇಲ್ಲೂ ಹಾಗೇ. ವೇಗ ಇನ್ನೂ ಏರಿದರೆ ಲಯ ತಪ್ಪುತ್ತದೆ. ನಡುಕ ನಿಂತಿತು ಅಂದುಕೊಳ್ಳಬೇಡಿ, ಎಳೆತ ಆಗ ಇನ್ನೂ ಜಾಸ್ತಿಯೇ ಇರುತ್ತದೆ.

ಸ್ಟೀರಿಂಗ್ ನಡುಗಿದರೆ ಸಾಮಾನ್ಯವಾಗಿ ಮುಂದಿನ ಚಕ್ರ, ಸೀಟು ನಡುಗಿದರೆ ಹಿಂದಿನದು. ಇಂಜಿನ್ ಮೇಲೆ ಅನುಮಾನ ಇದ್ದರೆ ಸಮತಟ್ಟಾದ ಖಾಲಿ ರಸ್ತೆಯಲ್ಲಿ, ನಡುಗುವ ವೇಗದಲ್ಲೇ ಕ್ಲಚ್ ಒತ್ತಿ ನೋಡಿ. ನಡುಕ ಹಾಗೇ ಇದ್ದರೆ ಇಂಜಿನ್ ಬಚಾವ್. ಚಾರ್ಮಾಡಿ, ಶಿರಾಡಿ ಇಳಿಯುವಾಗ ಮಾತ್ರ ಈ ಪರೀಕ್ಷೆ ಬೇಡವೇ ಬೇಡ, ಇಂಜಿನ್ ಹಿಡಿತ ತಪ್ಪುತ್ತದೆ. ಬ್ರೇಕ್ ಒತ್ತಿದಾಗ ಮಾತ್ರ ನಡುಗುತ್ತಾ? ಡಿಸ್ಕ್ ಒಂದೇ ದಪ್ಪಕ್ಕೆ ಉಳಿದಿಲ್ಲ. ಕಾಫಿ ಮೂಟೆ ಹೇರಿ ಆಕ್ಸಿಲರೇಟರ್ ಒತ್ತಿದಾಗ ಮಾತ್ರ ಗುಂಯ್ ಅಂದರೆ ಶಾಫ್ಟಿನ ಕ್ರಾಸ್ (ಶಾಫ್ಟ್ ಓರೆಯಾಗಿ ತಿರುಗಲು ಬಿಡುವ ಕೀಲು) ನೋಡಿಸಿ. ಲೋಡಿಗೆ ಸ್ಪ್ರಿಂಗ್ ಕುಗ್ಗಿ ಶಾಫ್ಟಿನ ಓರೆ ಬದಲಾಗಿರುತ್ತದೆ. ವಾರಗಟ್ಟಲೆ ನಿಲ್ಲಿಸಿದ್ದ ಗಾಡಿಯ ಟೈರ್ ತಳ ಚಪ್ಪಟೆಯಾಗಿ ದಡದಡ ಅನ್ನುವುದುಂಟು. ಸ್ವಲ್ಪ ದೂರ ಓಡಿ ಬಿಸಿಯಾದರೆ ಹೆಚ್ಚಾಗಿ ಅದೇ ಸರಿಹೋಗುತ್ತದೆ.

ಬ್ಯಾಲೆನ್ಸ್ ಸರಿ ಇದ್ದೂ ನಡುಗಿದರೆ ಚಕ್ರ ದುಂಡಗೆ ಇಲ್ಲದೇ ಇರಬಹುದು. ಗಾಡಿ ಉರುಳದಂತೆ ಉಳಿದ ಚಕ್ರಗಳಿಗೆ ಕಲ್ಲು ಕೊಟ್ಟು, ಮುಂದಿನ ಚಕ್ರ ಜಾಕ್ ಮೇಲೆ ಎತ್ತಿ. ಇಟ್ಟಿಗೆಯ ಮೇಲೆ ಒಂದು ಕಡ್ಡಿ ಇಟ್ಟು ಅದರ ತುದಿ ಟೈರಿಗೆ ತಾಗಿಯೂ ತಾಗದಷ್ಟು ಹತ್ತಿರ ತನ್ನಿ. ಈಗ ಚಕ್ರವನ್ನು ನಿಧಾನಕ್ಕೆ ತಿರುಗಿಸಿ. ಸಂದು ಒಂದು ಕಡೆ ಅಗಲ, ಒಂದು ಕಡೆ ಸಣ್ಣ ಆಗುತ್ತಾ ಹೋದರೆ ರಿಮ್ ಬಗ್ಗಿರಬಹುದು, ಇಲ್ಲವೇ ಟೈರ್ ಕೆಟ್ಟಿರಬಹುದು. ಕಡ್ಡಿಯನ್ನು ರಿಮ್ಮಿನ ಅಂಚಿಗೆ ಹಿಡಿದು ಮತ್ತೆ ತಿರುಗಿಸಿದರೆ ಯಾವುದು ಅಂತ ತಿಳಿಯುತ್ತದೆ. ಟೈರಿನಲ್ಲೇ ಗುಳ್ಳೆಯಂತೆ ಉಬ್ಬು ಕಂಡರೆ ಒಳಗಿನ ಪದರ ಬಿಟ್ಟಿದೆ. ಅದಕ್ಕೆ ಬ್ಯಾಲೆನ್ಸಿಂಗ್ ಮದ್ದಲ್ಲ, ಓಡುವಾಗಲೇ ಸಿಡಿಯಬಹುದು. ಅಲ್ಲೇ ಬಿಚ್ಚಿ, ಸ್ಟೆಪ್ನಿ ಹಾಕಿಕೊಂಡು ಟೈರ್ ಅಂಗಡಿಗೆ ಹೊರಡಿ.