ಠೇಚಾ ಕುಟ್ಟಿದ ಮೇಲೆ: ಕೈ ಮತ್ತು ಕಟ್ಟೆಯ ಖಾರ ತೆಗೆಯುವ ಕ್ರಮ

ಪುಣೆಯಲ್ಲಿ ಅಡುಗೆ ಕಲಿಯಲು ಬಂದ ನಮ್ಮವರಿಗೆ ಮೊದಲು ಕೈ ಉರಿಸುವುದು ಠೇಚಾ ಎಂಬ ಇಲ್ಲಿನ ಖಾರದ ಚಟ್ನಿ. ಹಸಿಮೆಣಸಿನಕಾಯಿ, ಬೆಳ್ಳುಳ್ಳಿಯನ್ನು ಎಣ್ಣೆಯಲ್ಲಿ ಬಾಡಿಸಿ ಉಪ್ಪು ಹಾಕಿ ಕುಟ್ಟಿದ ಮೇಲೆ ನಾಲ್ಕು ಸಲ ಕೈ ತೊಳೆದರೂ ಉರಿ ನಿಲ್ಲುವುದಿಲ್ಲ. ತಪ್ಪಿರುವುದು ತೊಳೆಯುವ ಕ್ರಮದಲ್ಲಿ.

ಖಾರದ ಮೂಲ ಕ್ಯಾಪ್ಸೈಸಿನ್. ಅದು ತಯಾರಾಗುವುದು ಬೀಜದಲ್ಲಲ್ಲ, ಬೀಜ ಅಂಟಿಕೊಂಡಿರುವ ಬಿಳಿ ತಿರುಳಿನಲ್ಲಿ. ನೀರಿನಲ್ಲಿ ಕರಗುವುದಿಲ್ಲವೆಂದೇ ಹೇಳಬೇಕು. ಎಣ್ಣೆಯಲ್ಲಿ ಸಲೀಸಾಗಿ ಕರಗುತ್ತದೆ. ಬರೀ ನೀರು ಹಾಕಿ ಉಜ್ಜಿದರೆ ಬೆರಳ ತುದಿಯಲ್ಲಿದ್ದದ್ದು ಮುಂಗೈವರೆಗೂ ಹರಡುತ್ತದೆ. ನಮ್ಮ ನರಗಳಲ್ಲಿ ಸುಮಾರು 43 ಡಿಗ್ರಿ ಬಿಸಿಗೆ ತೆರೆದುಕೊಳ್ಳುವ ಟಿಆರ್‌ಪಿವಿ1 ಎಂಬ ಗ್ರಾಹಕ, ಅಂದರೆ ಬಿಸಿಯನ್ನು ಗುರುತಿಸುವ ಪ್ರೋಟೀನ್, ಇದೆ. ಅಮೆರಿಕದ ವಿಜ್ಞಾನಿ ಡೇವಿಡ್ ಜೂಲಿಯಸ್ ಅವರ ತಂಡ 1997ರಲ್ಲಿ ಇದನ್ನು ಗುರುತಿಸಿತು; ಅವರಿಗೆ 2021ರಲ್ಲಿ ನೊಬೆಲ್ ಬಂತು. ಕ್ಯಾಪ್ಸೈಸಿನ್ ತೆರೆಯುವುದೂ ಇದನ್ನೇ. ಖಾರ ತಾಗಿದ ಕೈಗೆ ಉಗುರುಬೆಚ್ಚಗಿನ ನೀರೂ ಸುಡುವುದು ಇದಕ್ಕೇ.

ಆದ್ದರಿಂದ ಮೊದಲು ಎಣ್ಣೆ, ಆಮೇಲೆ ಸೋಪು, ನೀರು ಕೊನೆಗೆ. ಒಣ ಕಾಗದದಿಂದ ಕೈ ಒರೆಸಿ. ಒಂದು ಚಮಚ ಅಡುಗೆ ಎಣ್ಣೆ ಸುರಿದು ಒಂದು ನಿಮಿಷ ತಿಕ್ಕಿ. ಉಗುರು ಸಂದಿ, ಉಂಗುರದ ಅಡಿ ಬಿಡಬೇಡಿ. ಮತ್ತೆ ಒರೆಸಿ ಆ ಕಾಗದ ಎಸೆಯಿರಿ. ಈಗ ಪಾತ್ರೆ ತೊಳೆಯುವ ದ್ರವವನ್ನು ನೀರು ಬೆರೆಸದೆ ಒಣ ಕೈಗೇ ಹಾಕಿ ಅರ್ಧ ನಿಮಿಷ ಉಜ್ಜಿ, ಆಮೇಲೆ ತಣ್ಣೀರಿನಲ್ಲಿ ತೊಳೆಯಿರಿ. ನೀರು ಮೊದಲೇ ಬಿದ್ದರೆ ಸೋಪು ತೆಳುವಾಗಿ ಎಣ್ಣೆಯನ್ನು ಹಿಡಿಯುವ ಬಲ ಕಳೆದುಕೊಳ್ಳುತ್ತದೆ. ಇಷ್ಟನ್ನೂ ಎರಡು ಸಲ ಮಾಡಿ. ಉರಿ ಉಳಿದಿದ್ದರೆ ತಣ್ಣನೆಯ ಹಾಲು ಅಥವಾ ಮೊಸರಿನಲ್ಲಿ ಹತ್ತು ನಿಮಿಷ ಕೈ ಅದ್ದಿಡಿ. ಸ್ಯಾನಿಟೈಸರ್ ಖಾರವನ್ನು ಕರಗಿಸುತ್ತದೆ ನಿಜ, ಆದರೆ ಒರೆಸದೆ ಬಿಟ್ಟರೆ ಸ್ಪಿರಿಟ್ ಆರಿ ಖಾರ ಅಲ್ಲೇ ಉಳಿಯುತ್ತದೆ. ಒಲೆಯ ಹತ್ತಿರವಂತೂ ಬೇಡ.

ಕಣ್ಣಿಗೆ ತಾಗಿದರೆ ಉಜ್ಜಬೇಡಿ. ಮೊದಲು ಕೈಯ ಖಾರ ತೆಗೆದುಕೊಳ್ಳಿ, ಅಷ್ಟರಲ್ಲಿ ಪಕ್ಕದವರು ಶುದ್ಧ ನೀರು ಹಾಕುತ್ತಿರಲಿ. ಹದಿನೈದು ನಿಮಿಷ ಬೇಕು. ಕಣ್ಣಿಗೆ ಹಾಲು ಬೇಡವೇ ಬೇಡ, ಅದು ಸೋಂಕಿಗೆ ದಾರಿ. ದೃಷ್ಟಿ ಮಸುಕಾದರೆ, ನೋವು ಇಳಿಯದಿದ್ದರೆ ಕಣ್ಣಿನ ಡಾಕ್ಟರ ಹತ್ತಿರ ಹೋಗಿ.

ಇನ್ನು ಅಡುಗೆ ಕಟ್ಟೆ, ಇಲ್ಲಿನವರ ಮಾತಿನಲ್ಲಿ ಓಟಾ. ಚೆಲ್ಲಿದ ಖಾರದೆಣ್ಣೆಗೆ ಒದ್ದೆ ಬಟ್ಟೆ ಹಾಕಲೇಬಾರದು. ಮೇಲೆ ಒಂದು ಹಿಡಿ ಗೋಧಿಹಿಟ್ಟು ಉದುರಿಸಿ ಐದು ನಿಮಿಷ ಬಿಟ್ಟರೆ ಎಣ್ಣೆ ಹೀರಿ ಹಿಟ್ಟು ಉಂಡೆಗಟ್ಟುತ್ತದೆ. ರಟ್ಟಿನ ತುಂಡಿನಿಂದ ಬಾಚಿ ತೆಗೆಯಿರಿ. ಆಮೇಲೆ ನೀರು ಬೆರೆಸದ ಸೋಪು ದ್ರವ ಸವರಿ ಐದು ನಿಮಿಷ ಬಿಟ್ಟು, ಬೆಚ್ಚಗಿನ ನೀರಿನಲ್ಲಿ ಒರೆಸಿ. ಈ ಹಂತದಲ್ಲಿ ಕೈಗವಸು ಇರಲಿ. ಹಳೆಯ ಮನೆಗಳ ಕಪ್ಪು ಕಡಪಾ ಕಟ್ಟೆಗೆ ನಿಂಬೆಹಣ್ಣು, ವಿನೆಗರ್ ಹಾಕಿ ತಿಕ್ಕಬಾರದು. ಅದು ಸುಣ್ಣಕಲ್ಲು, ಹುಳಿ ತಾಗಿದಲ್ಲಿ ಹೊಳಪು ಹೋಗಿ ಮಾಸಲು ಕಲೆ ಕೂರುತ್ತದೆ. ಗೋವಾದ ರೆಶಾದ್ ಮಸಾಲೆಯಲ್ಲಿ ವಿನೆಗರ್ ಇರುವುದರಿಂದ ಅದು ಚೆಲ್ಲಿದರೆ ತಕ್ಷಣ ಎತ್ತಬೇಕು. ಅದರ ಮೇಲೆ ಬ್ಲೀಚ್ ಸುರಿಯಬಾರದು, ಕ್ಲೋರಿನ್ ಅನಿಲ ಏಳುತ್ತದೆ.

ಕಲ್ಲಿನ ಕುಟ್ಟಾಣಿಗೆ ಸೋಪು ಹಾಕಿದರೆ ವಾಸನೆ ಕಲ್ಲಿನ ರಂಧ್ರಗಳಲ್ಲಿ ಕೂರುತ್ತದೆ. ಒಂದು ಹಿಡಿ ಒಣ ಅಕ್ಕಿ ಕುಟ್ಟಿ ಎಸೆಯಿರಿ. ಪುಡಿಗೆ ಬಣ್ಣ ಹತ್ತುವುದು ನಿಲ್ಲುವವರೆಗೂ ಹೀಗೆ ಮಾಡಿ.

ಮಿಕ್ಸಿ ಜಾರಿನ ಮುಚ್ಚಳದ ರಬ್ಬರ್ ಉಂಗುರ ಬಿಚ್ಚದೆ ತೊಳೆದದ್ದು ತೊಳೆದಂತಲ್ಲ. ಮರುದಿನ ತೆಂಗಿನ ಚಟ್ನಿ ಖಾರವಾಗುವುದು ಅಲ್ಲಿಂದಲೇ. ನಲ್ಲಿಯ ಹಿಡಿ, ಫ್ರಿಜ್ ಬಾಗಿಲು, ಮೊಬೈಲ್ ಇವನ್ನೂ ಸೋಪಿನ ಬಟ್ಟೆಯಿಂದ ಒರೆಸಿ. ಒರೆಸಿದ ಸ್ಪಂಜನ್ನು ಮತ್ತೆ ಹಾಲಿನ ಪಾತ್ರೆಗೆ ಬಳಸದೆ ಅವತ್ತೇ ಎಸೆಯಿರಿ.