ಪರಾತದೊಳಗಿನ ಕೆರೆ

ನಾಟಕ ಆಡಿಸುವವರ ಫೋನು ಬಂದರೆ ನಾನು ಮೊದಲು ಕೇಳುವುದು ಮೂರು ಮಾತು: ಕರೆಂಟು ಸಿಂಗಲ್ ಫೇಸಾ, ತ್ರೀ ಫೇಸಾ? ಅರ್ಥಿಂಗ್ ಇದೆಯಾ? ಲೈಟು ಕಟ್ಟಲು ಮೇಲೆ ಏನಿದೆ? ಮೂರಕ್ಕೂ ಸೇರಿ ಬರುವ ಉತ್ತರ ಒಂದೇ, "ಬನ್ನಿ ಸಾರ್, ಹೇಗೋ ಅಡ್ಜಸ್ಟ್ ಮಾಡೋಣ." ರಂಗದ ಬೆಳಕಿನ ಕೆಲಸಕ್ಕೆ ಬಿದ್ದು 35 ವರ್ಷವಾದರೂ ಈ ಮಾತಿಗೆ ಇವತ್ತೂ ಮೈ ಉರಿಯುತ್ತದೆ. ಅಡ್ಜಸ್ಟ್ ಮಾಡುವುದೆಂದರೆ ಬೇಕಾದ್ದನ್ನು ಕೈಬಿಡುವುದು. ಇದ್ದುದರಲ್ಲೇ ದಾರಿ ಮಾಡಿಕೊಳ್ಳುವುದು ಬೇರೆ ಕಸುಬು. ಅಲ್ಲಿ ಬೇಕಾದ್ದನ್ನು ಬಿಡುವಂತಿಲ್ಲ.

ನಾನು ಕೈಹಚ್ಚಿ ಕಲಿತದ್ದು ಉಪ್ಪುನೀರಿನ ಡಿಮ್ಮರಿನಲ್ಲಿ, ಅಂದರೆ ದೀಪದ ಬೆಳಕು ಏರಿಸಿ ಇಳಿಸುವ ಸಾಧನದಲ್ಲಿ. ಚರಂಡಿಗೆ ಹಾಕುವ ಮಣ್ಣಿನ ಪೈಪು, ಅದರ ತಳಕ್ಕೆ ಸಿಮೆಂಟು ಮೆತ್ತಿ ನಿಲ್ಲಿಸಿ, ಉಪ್ಪುನೀರು ತುಂಬುತ್ತಿದ್ದರು. ತಳದಲ್ಲೊಂದು ಲೋಹದ ಬಿಲ್ಲೆ, ಮೇಲಿನಿಂದ ಹಗ್ಗದಲ್ಲಿ ಇಳಿಬಿಟ್ಟ ಇನ್ನೊಂದು. ಕರೆಂಟು ಆ ನೀರು ದಾಟಿಯೇ ಬಲ್ಬಿಗೆ ಹೋಗಬೇಕು. ಹಗ್ಗ ಎಳೆದು ಬಿಲ್ಲೆಗಳ ಅಂತರ ಹೆಚ್ಚಿಸಿದರೆ ಬೆಳಕು ಮಂದ, ಇಳಿಸಿದರೆ ಪ್ರಖರ. ಉಪ್ಪಿನ ಲೆಕ್ಕ ಮಾತ್ರ ಕಷ್ಟ. ಹೆಚ್ಚಾದರೆ ದೀಪ ಮಂದವಾಗಲು ಒಪ್ಪುವುದಿಲ್ಲ, ಕಡಿಮೆಯಾದರೆ ಮೇಲೇಳುವುದಿಲ್ಲ. ಸಾರಿನ ಹಾಗೆ ರುಚಿ ನೋಡಿ ಹಾಕುವಂತೆಯೂ ಇಲ್ಲ! ಒಂದೆರಡು ಅಂಕ ಮುಗಿಯುವಷ್ಟರಲ್ಲಿ ನೀರು ಕಾದು ಹಬೆಯಾಡುತ್ತದೆ. ಕಾದ ಉಪ್ಪುನೀರಿನಲ್ಲಿ ಕರೆಂಟು ಇನ್ನೂ ಸಲೀಸಾಗಿ ಹರಿಯುವುದರಿಂದ, ಮೊದಲ ಅಂಕದಲ್ಲಿ ಸರಿಯಿದ್ದ ಹಗ್ಗದ ಗುರುತು ಮೂರನೆಯದರಲ್ಲಿ ಸುಳ್ಳಾಗುತ್ತದೆ. ಹಾಗಾಗಿ ಗುರುತು ನಂಬದೆ ನಟನ ಮುಖ ನೋಡುತ್ತಾ ಹಗ್ಗ ಎಳೆಯುವುದು ಅಭ್ಯಾಸವಾಯಿತು. ಇವತ್ತಿನ ಬೋರ್ಡಿನಲ್ಲಿ ಬೆರಳಿನಿಂದ ಫೇಡರ್ ಸರಿಸುವ ಹುಡುಗರಿಗೆ ನಾನು ಮೊದಲು ಹೇಳಿಕೊಡುವುದೂ ಅದನ್ನೇ, ಸ್ಕ್ರೀನ್ ಬಿಟ್ಟು ಮುಖ ನೋಡು ಅಂತ.

ಹಾಗಂತ ಯಾರೂ ಅದನ್ನು ಮತ್ತೆ ಮಾಡಲು ಹೋಗಬೇಡಿ. ಮುಚ್ಚಳವಿಲ್ಲದ ನೀರಿನಲ್ಲಿ 230 ವೋಲ್ಟ್ ಇಟ್ಟುಕೊಂಡು ಕತ್ತಲಲ್ಲಿ ಓಡಾಡುತ್ತಿದ್ದೆವು. ಅದು ಜಾಣತನವಲ್ಲ, ಅದೃಷ್ಟ. "ಆಗಿನ ಬಡತನವೇ ಚೆಂದ" ಎಂದು ವೇದಿಕೆ ಮೇಲೆ ಭಾಷಣ ಮಾಡುವವರು ಆ ಪೈಪಿನ ಪಕ್ಕ ನಿಂತವರಲ್ಲ.

ನಮ್ಮ ಕಸುಬಿನ ಸಲಕರಣೆಗಳ ಮೂಲ ಹುಡುಕಿದರೂ ಸಿಗುವುದು ಹೀಗೆ ಇದ್ದುದರಲ್ಲೇ ಮಾಡಿಕೊಂಡ ದಾರಿಯೇ. 1545ರಲ್ಲಿ ಇಟಲಿಯ ವಾಸ್ತುಶಿಲ್ಪಿ ಸೆರ್ಲಿಯೊ ರಂಗಸಜ್ಜಿಕೆಯ ಬಗ್ಗೆ ಬರೆಯುವಾಗ, ಬಣ್ಣದ ನೀರು ತುಂಬಿದ ಗಾಜಿನ ಬುಂಡೆಯ ಹಿಂದೆ ದೀಪ, ದೀಪದ ಹಿಂದೆ ಕ್ಷೌರಿಕನ ಥಳಥಳಿಸುವ ಬಟ್ಟಲು ಇಡಿ ಎನ್ನುತ್ತಾನೆ. ಈಗ ಮದುವೆ ಮಂಟಪದಲ್ಲೂ ಕಾಣುವ ಪಾರ್ ಲೈಟಿನ ಬಲ್ಬು ಮೂಲತಃ ಕಾರಿನ ಹೆಡ್‌ಲೈಟಿನ ಸಂತತಿ. ಅದಕ್ಕೊಂದು ಡಬ್ಬಿ ತೊಡಿಸಿದರೆ ಪಾರ್ ಕ್ಯಾನ್. ನಾವು ಎಣ್ಣೆ ಡಬ್ಬಿ ಕತ್ತರಿಸಿ ಒಳಗೆ 200 ವ್ಯಾಟಿನ ಬಲ್ಬು ಕೂರಿಸುತ್ತಿದ್ದೆವಲ್ಲ, ಅದಕ್ಕೂ ಇದಕ್ಕೂ ದೊಡ್ಡ ಅಂತರವೇನಿಲ್ಲ. ಯಕ್ಷಗಾನದಲ್ಲಿ ರಕ್ಕಸನ ಪ್ರವೇಶಕ್ಕೆ ದೊಂದಿಯ ಮೇಲೆ ರಾಳದ ಪುಡಿ ಎರಚುತ್ತಿದ್ದರು. ಭಗ್ಗೆಂದು ಏಳುವ ಆ ಬೆಂಕಿಯ ಮುಂದೆ ಪಟಪಟ ಮಿನುಗುವ ನಮ್ಮ ಸ್ಟ್ರೋಬ್ ಲೈಟು ಸಪ್ಪೆ ಎಂದೇ ನನ್ನ ಅಭಿಪ್ರಾಯ. 1959ರಲ್ಲಿ ಕಲ್ಕತ್ತಾದ ಮಿನರ್ವಾ ಥಿಯೇಟರಿನಲ್ಲಿ ಬೆಳಕಿನ ವಿನ್ಯಾಸಕ ತಾಪಸ್ ಸೇನ್ ಕಲ್ಲಿದ್ದಲ ಗಣಿಯೊಳಗೆ ನೀರು ನುಗ್ಗಿ ತುಂಬುವುದನ್ನು ಬೆಳಕಿನಿಂದಲೇ ತೋರಿಸಿದ್ದು ನಮ್ಮವರ ಬಾಯಲ್ಲಿ ಇವತ್ತಿಗೂ ಕಥೆ.

ನನಗೂ ಒಮ್ಮೆ ನೀರು ಬೇಕಾಯಿತು. ಕುಂದಗೋಳ ಸೀಮೆಯ ಒಂದು ಹಳ್ಳಿ, ಶಾಲೆ ಬಯಲು. ಕೆರೆಗೆ ಬಲಿಯಾಗುವ ಸೊಸೆಯ ಕಥೆ. ಅಲೆಯ ಬೆಳಕು ಬಿಡುವ ಬಾಡಿಗೆ ಯಂತ್ರ ಬಸ್ಸಿನ ಟಾಪಿನಲ್ಲಿ ಬರಬೇಕಿತ್ತು, ದಾರಿಯಲ್ಲೆಲ್ಲೋ ಇಳಿದುಹೋಯಿತು. ಸಂಜೆ ಐದಾಗಿತ್ತು. ಅಡುಗೆಯವರಿಂದ ಪರಾತ, ಅಂದರೆ ಅಂಚಿರುವ ಅಗಲದ ದೊಡ್ಡ ತಟ್ಟೆ, ತಂದೆವು. ಒಡೆದ ಕನ್ನಡಿ ಚೂರುಗಳನ್ನು ತಳದಲ್ಲಿ ಹರಡಿ, ನಾಲ್ಕು ಬೆರಳು ನೀರು ಹಾಕಿ, ಓರೆಯಾಗಿ ಒಂದು ಹ್ಯಾಲೋಜನ್ ಬಿಟ್ಟೆವು. ಹಿಂದಿನ ಪರದೆಯ ಮೇಲೆ ಬೆಳಕಿನ ಬಲೆ ಹರಡಿತು. ಅಲುಗಿಸಲು ಒಬ್ಬ ಹುಡುಗನನ್ನು ಕೂರಿಸಿದೆ. ಅವನೋ ಉತ್ಸಾಹದಿಂದ ಕೈಯಾಡಿಸಿ ಕೆರೆಯನ್ನು ಬಟ್ಟೆ ಒಗೆಯುವ ಹಳ್ಳ ಮಾಡಿಟ್ಟ. "ಕೈ ತಗಿ ಮಾರಾಯ, ಸುಮ್ಮನೆ ಕೂಡು" ಎಂದು ಬೈದೆ.

ಅವನು ಕೈ ತೆಗೆದ. ಅದೇ ಹೊತ್ತಿಗೆ ಸೊಸೆ ರಂಗಕ್ಕೆ ಬಂದಳು. ಶಾಲೆಯ ಬೆಂಚು ಜೋಡಿಸಿ ಮೇಲೆ ಹಲಗೆ ಹಾಸಿದ ರಂಗ, ಪರಾತ ಇದ್ದದ್ದೂ ಅದೇ ಹಲಗೆಯ ಮೇಲೆ, ಸೈಡ್ ವಿಂಗಿನ ಮರೆಯಲ್ಲಿ. ಅವಳು ಒಂದು ಹೆಜ್ಜೆ ಇಟ್ಟಳು, ಪರದೆಯ ಮೇಲೆ ಇಡೀ ಕೆರೆ ನಡುಗಿತು. ಇನ್ನೊಂದು ಹೆಜ್ಜೆ, ಮತ್ತೆ ನಡುಗಿತು. ಕೊನೆಗೆ ಅವಳು ನಿಂತಳು. ನೀರು ನಿಧಾನವಾಗಿ ಶಾಂತವಾಗುತ್ತಾ ಬಂತು, ಜನ ಉಸಿರು ಬಿಗಿಹಿಡಿದರು. ನಾನು ಏನೂ ಮಾಡಿರಲಿಲ್ಲ. ಬಾಡಿಗೆ ಯಂತ್ರ ಬಂದಿದ್ದರೆ ಅದು ತನ್ನ ಪಾಡಿಗೆ ಒಂದೇ ಸಮ ಅಲೆ ತಿರುಗಿಸುತ್ತಿತ್ತು, ಅವಳು ನಿಂತರೂ ಸರಿ, ನಡೆದರೂ ಸರಿ.

ಮುಂದೆ ಅದೇ ನಾಟಕ ನಗರದ ಒಂದು ದೊಡ್ಡ ಸಭಾಂಗಣಕ್ಕೆ ಹೋಯಿತು. ಪ್ರೊಜೆಕ್ಟರ್ ಇತ್ತು, ಅಲೆಯ ವಿಡಿಯೋ ಇತ್ತು, ಬೇಡವೆಂದೆ. ಪರಾತ ಇಟ್ಟು ನೋಡಿದರೆ ಕೆರೆ ಅಲುಗಲೊಲ್ಲದು! ಕೆಳಗೆ ಗಟ್ಟಿ ಕಾಂಕ್ರೀಟು. ಅರ್ಧ ದಿನ ತಲೆ ಕೆಡಿಸಿಕೊಂಡ ಮೇಲೆ ಹಿಂದಿನ ಗೋದಾಮಿನಿಂದ ಎರಡು ಉದ್ದನೆಯ ಹಲಗೆ ತಂದು, ಕೆಳಗೆ ಇಟ್ಟಿಗೆ ಕೊಟ್ಟು, ಅವಳು ನಡೆಯುವ ಹಾದಿಯನ್ನೇ ಅದರ ಮೇಲೆ ಹಾಕಿದೆವು.

ಈಗ ಆ ನಾಟಕಕ್ಕೆ ನಾನು ಕಳಿಸುವ ಸಾಮಾನಿನ ಪಟ್ಟಿಯಲ್ಲಿ ಎಲ್‌ಇಡಿ ಲೈಟು, ಕೇಬಲ್ಲುಗಳ ಕೆಳಗೆ ಹೀಗಿರುತ್ತದೆ: ಪರಾತ 1, ಹಲಗೆ 2, ಇಟ್ಟಿಗೆ 6. ಪ್ರತಿ ಸಲವೂ ಫೋನು ಬರುತ್ತದೆ. "ಸಾರ್, ಅಡುಗೆಯವರ ಪಟ್ಟಿ ನಮಗೆ ಕಳಿಸಿಬಿಟ್ಟಿದ್ದೀರಿ."